ಗಂಟೆ ಹೊಡೆದರೆ ಮತ್ತೆ ಹೇಳಬೇಕು

ಕ್ರೇಯಾನ್ ಕಾರ್ಖಾನೆಯ ಜನಕ್ಕೆ ಮಾತಾಡುವ ರೀತಿ ಕಲಿಸಲು ಯಾರೋ ಮೇಡಂ ಬರುತ್ತಾರಂತೆ ಎಂದು ಸುದ್ದಿಯಾದಾಗ ಪ್ಯಾಕಿಂಗ್ ವಿಭಾಗದ ಅಕ್ಕ ಮೂಗು ಮುರಿದಿದ್ದಳು. "ನಮಗೆ ಮಾತು ಬರಲ್ಲ ಅಂತ ಯಾರು ಹೇಳಿದ್ದು? ಬೇಕಾದ್ರೆ ಬಾಯಿ ಮುಚ್ಕೊಂಡಿರೋದು ಕಲಿಸ್ಲಿ."

ಮೇಡಂ ಬಂದಳು. ಸಂಸ್ಥೆಗಳ ಒಳಗಿನ ನಡೆನುಡಿ ತಿದ್ದುವುದು ಅವಳ ಕಸುಬು. ಚೀಲದಿಂದ ಪುಟ್ಟ ಹಿತ್ತಾಳೆ ಗಂಟೆಯೊಂದನ್ನು ತೆಗೆದು ಮೀಟಿಂಗ್ ಟೇಬಲ್ಲಿನ ನಡುವೆ ಇಟ್ಟಳು.

"ಯಾರದಾದ್ರೂ ಮಾತು ನಿಮ್ಮ ಬಣ್ಣಕ್ಕೋ, ನಿಮ್ಮ ಜನಕ್ಕೋ ಚುಚ್ಚಿದ್ರೆ ಗಂಟೆ ಹೊಡೀರಿ. ಜಗಳ ಬೇಡ, ದೂರು ಬೇಡ. ಹೇಳಿದವರು ಅದೇ ಮಾತನ್ನ ಚುಚ್ಚಿದ್ದನ್ನ ಬಿಟ್ಟು ಮತ್ತೆ ಹೇಳಬೇಕು. ಅಷ್ಟೇ."

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಬಂದು ನಿಂತ. ಎತ್ತರದ ಆಳು, ಅಂಗಿಯ ತುಂಬ ಬಣ್ಣದ ಪುಡಿ, ಅಚ್ಚ ಕಪ್ಪು ಮುಖದಲ್ಲಿ ತುಂಟ ಕಣ್ಣು. "ಬಾರೋ ಕಾಡಿಗೆ, ನಿಂಗೇ ಕಾಯ್ತಿದ್ವಿ!" ಎಂದು ಮ್ಯಾನೇಜರ್ ಕೂಗಿದರು.

ಟಣ್! ಮೇಡಂ ಗಂಟೆಯನ್ನು ಎಷ್ಟು ಜೋರಾಗಿ ಹೊಡೆದಳೆಂದರೆ ಅದು ಟೇಬಲ್ಲಿನಿಂದ ಜಾರಿ ಅವನ ಕಾಲ ಬಳಿಯೇ ಉರುಳಿತು. ಅವನು ಬಗ್ಗಿ ಎತ್ತಿಕೊಂಡ.

"ಮೇಡಂ, ಮಾತು ಬಿದ್ದಿದ್ದು ನನ್ನ ಮೇಲೆ, ಗಂಟೆ ಹೊಡೆದಿದ್ದು ನೀವು. ಹೀಗಾದ್ರೆ ನನ್ನ ಪರವಾಗಿ ಊಟಾನೂ ನೀವೇ ಮಾಡ್ತೀರೇನೋ."

ಇಡೀ ಕೋಣೆ ನಕ್ಕಿತು. ಮೇಡಂಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಆದರೆ ಗಂಟೆ ಕೊಡುವಾಗ ಅವನ ಕಣ್ಣು ನಗುತ್ತಿರಲಿಲ್ಲ. ಅದನ್ನು ಅವಳೊಬ್ಬಳೇ ಕಂಡಳು.

ಅವನು ಶೇಡ್ ಮಾಸ್ಟರ್. ಯಾವ ಕ್ರೇಯಾನ್ ಕಡ್ಡಿಗೆ ಯಾವ ಬಣ್ಣ ಎಷ್ಟು ಎಂದು ಬೆರೆಸುವವನು. ಅವನ ಅಜ್ಜ ಸಮುದ್ರದಾಚೆಯಿಂದ ಕೂಲಿಗೆ ಬಂದು ಇಲ್ಲೇ ನೆಲೆ ನಿಂತವರು. ಮೊಮ್ಮಗ ಇಲ್ಲೇ ಹುಟ್ಟಿದವನಾದರೂ ಜನ ಅವನಿಗೆ "ನಿಮ್ಮ ಕಡೆ ಹೇಗೆ?" ಎಂದು ಕೇಳುವುದು ಬಿಟ್ಟಿರಲಿಲ್ಲ. ಯಾವುದೋ ನೆಪ ಹೂಡಿಕೊಂಡು ಮೇಡಂ ದಿನಾ ಅವನ ಕೋಣೆಗೆ ಹೋಗತೊಡಗಿದಳು. ನೆಪ ಮುಗಿದ ಮೇಲೂ ಹೋದಳು.

"ನೀವ್ಯಾಕೆ ಗಂಟೆ ಮುಟ್ಟೋದೇ ಇಲ್ಲ?" ಎಂದು ಒಮ್ಮೆ ಕೇಳಿದಳು.

"ಇಷ್ಟು ವರ್ಷ ಅವರ ಜೊತೆ ನಾನೂ ನಕ್ಕಿದ್ದೀನಿ. ಈಗ ಹೊಡೆದ್ರೆ, ಆ ನಗು ಎಲ್ಲಾ ಸುಳ್ಳು ಅಂತ ಗೊತ್ತಾಗಿಬಿಡುತ್ತೆ."

ಅವಳು ಮಾತು ತಿರುಗಿಸಲು ಎದುರಿಗಿದ್ದ ನಸುಗೆಂಪು ಕಡ್ಡಿ ಎತ್ತಿಕೊಂಡಳು. ಅದರ ಸುತ್ತಿನ ಕಾಗದದ ಮೇಲೆ 'ಮೈಬಣ್ಣ' ಎಂದಿತ್ತು.

"ಯಾರ ಮೈ ಇದು?"

"ಅದನ್ನೇ ಹುಡುಕ್ತಿದ್ದೀನಿ. ಎಲ್ಲಿ, ನಿಮ್ಮ ಕೈ ತೋರಿಸಿ."

ಅವಳು ತೋಳು ಚಾಚಿದಳು. ಅವನು ಕಡ್ಡಿಯನ್ನು ಅದರ ಪಕ್ಕ ಹಿಡಿದು, ಕಣ್ಣು ಕಿರಿದಾಗಿಸಿ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ. "ನಿಮ್ಮದೂ ಅಲ್ಲ" ಎಂದು ತನ್ನ ತೋಳನ್ನೂ ಪಕ್ಕಕ್ಕಿಟ್ಟ. ಎರಡು ತೋಳು ತಾಗಿಕೊಂಡವು. ಕಡ್ಡಿ ಕೈ ಜಾರಿ ಬಿದ್ದು ಮುರಿದರೂ ಇಬ್ಬರೂ ಬಗ್ಗಲಿಲ್ಲ.

ಆ ವಾರದ ಮೀಟಿಂಗಿನಲ್ಲಿ ಮ್ಯಾನೇಜರ್, "ಹೊಸ ಶೇಡ್ ಕೆಲಸ ಕಾಡಿಗೆ ನೋಡ್ಕೊಳ್ತಾನೆ" ಎಂದರು.

ಟಣ್. ಈ ಸಲ ಹೊಡೆದವನು ಅವನೇ.

ಯಾರೂ ನಗಲಿಲ್ಲ. ಮ್ಯಾನೇಜರ್ ಗಂಟಲು ಸರಿಮಾಡಿಕೊಂಡರು. "ಹೊಸ ಶೇಡ್ ಕೆಲಸ... ನಮ್ಮ..." ಅಲ್ಲಿಗೇ ಬಂಡಿ ನಿಂತಿತು. ಪಾಪ, ಅವನ ನಿಜವಾದ ಹೆಸರು ಅವರಿಗೆ ಗೊತ್ತೇ ಇರಲಿಲ್ಲ. ಕೊನೆಗೆ ಪ್ಯಾಕಿಂಗ್ ಅಕ್ಕ ಅವರ ಕಿವಿಯಲ್ಲಿ ಉಸುರಿದಳು. ತನ್ನ ಹೆಸರು ಆ ಕೋಣೆಯಲ್ಲಿ ಕೇಳಿದಾಗ ಅವನು ನೋಡಿದ್ದು ಮೇಡಂ ಕಡೆ. ಅವಳು ಕಣ್ಣೊರೆಸಿಕೊಳ್ಳಲು ಕಿಟಕಿಯತ್ತ ತಿರುಗಿದ್ದಳು.

ಅದೇ ಸಂಜೆ ಅವನು, "ನಿಮ್ಮ ಮನೆಗೆ ಒಂದು ದಿನ ಬರಲಾ?" ಎಂದ.

ಅವಳಿಗೆ ಮೊದಲು ನೆನಪಾದದ್ದು ಅಮ್ಮ! ಇಡೀ ಊರಿನ ಬಾಯಿ ತಿದ್ದಿದವಳಿಗೆ ಅಮ್ಮನ ಬಾಯಿ ತಿದ್ದುವ ಧೈರ್ಯ ಎಂದೂ ಬಂದಿರಲಿಲ್ಲ. "ಮನೆಗೆ ಬಣ್ಣ ಹೊಡೆಸ್ತಿದ್ದೀವಿ" ಎಂದುಬಿಟ್ಟಳು.

"ಯಾವ ಶೇಡ್?"

ಬಣ್ಣದವನ ಹತ್ತಿರ ಬಣ್ಣದ ಸುಳ್ಳು! "ಬಿಳಿ" ಎಂದು ತೊದಲಿದಳು. ಅವನ ಮುಖ ಸಣ್ಣದಾಯಿತು. ಆಮೇಲೆ ಅವನು ಕೇಳಲಿಲ್ಲ. ತನ್ನನ್ನು ಮನೆಯವರಿಗೆ ತೋರಿಸಲು ಇವಳಿಗೆ ನಾಚಿಕೆ ಎಂದುಕೊಂಡ. ನಾಚಿಕೆ ಇದ್ದದ್ದು ಮನೆಯವರ ಬಗ್ಗೆ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಕೆಲಸದ ಕೊನೆಯ ದಿನ ಅವನಿಗೆ ಹೇಳದೆ ಹೊರಟುಬಂದಳು, ಗಂಟೆಯನ್ನೂ ಮರೆತು.

ಮರುದಿನ ಅಮ್ಮ ಬಾಗಿಲು ತೆರೆದಾಗ, ಆಫೀಸಿನಲ್ಲಿ ವಿಳಾಸ ಕೇಳಿಕೊಂಡು ಬಂದ ಅವನು ಗಂಟೆ ಹಿಡಿದು ನಿಂತಿದ್ದ. ಒಳಗೆ ಬಂದವನು ಮೊದಲು ನೋಡಿದ್ದು ನಡುಮನೆಯ ಹಸಿರು ಗೋಡೆ.

"ಬಿಳಿ ಚೆನ್ನಾಗಿ ಬಂದಿದೆ" ಎಂದ. ಅಲ್ಲೇ ಕೂತಿದ್ದ ಅವಳು ತಲೆ ತಗ್ಗಿಸಿದಳು.

ಅಮ್ಮ ಕುರ್ಚಿ ಎಳೆದುಕೊಂಡು ಕೂತರು. "ನಿಮ್ಮೂರು ಯಾವುದಪ್ಪಾ?"

"ಇದೇ ಊರು ಅಮ್ಮಾ. ಮಾರ್ಕೆಟ್ ಹಿಂದಿನ ಬೀದಿ."

"ಅಲ್ಲಪ್ಪಾ, ಅದಕ್ಕೂ ಮೊದಲು?"

"ಮೊದಲು ಮಾರ್ಕೆಟ್ ಮುಂದಿನ ಬೀದೀಲಿದ್ವಿ. ಅಲ್ಲಿ ನೀರು ಬರ್ತಿರಲಿಲ್ಲ."

ಅಮ್ಮ ತಬ್ಬಿಬ್ಬಾಗಿ ಕಾಫಿಗೆ ಎದ್ದರು. ಅಡುಗೆಮನೆಯಿಂದ ಮಗಳಿಗೆ ಹೇಳಿದ ಅವರ ಪಿಸುಮಾತು ಬೀದಿಗೆ ಕೇಳುವಷ್ಟು ಸ್ಪಷ್ಟವಾಗಿ ಬಂತು. "ಹುಡುಗ ಲಕ್ಷಣವಾಗಿದ್ದಾನೆ ಕಣೆ. ಆದ್ರೆ ಈ ಬಣ್ಣ, ಆ ಜನ... ನಾಲ್ಕು ಜನ ಏನಂತಾರೆ?"

ಗಂಟೆ ಟೇಬಲ್ಲಿನ ಮೇಲಿತ್ತು. ಅವನೇ ಹೊಡೆಯಲಿ ಎಂದು ಅವಳು ಕಾದಳು. ಅವನು ಕೈಕಟ್ಟಿ ಕೂತಿದ್ದ. ಈಗ ಸುಮ್ಮನಿದ್ದರೆ ಇವನು ಎದ್ದು ಹೋಗುತ್ತಾನೆ, ಮತ್ತೆಂದೂ ಬರುವುದಿಲ್ಲ. ಅದು ಅವಳಿಗೆ ಹಗಲಿನಷ್ಟು ನಿಚ್ಚಳವಾಗಿತ್ತು. ಅವಳೇ ಗಂಟೆ ಹೊಡೆದಳು.

"ಯಾರೇ ಬಂದಿದ್ದು?"

"ಯಾರೂ ಇಲ್ಲಮ್ಮಾ. ನಂಗೆ ನೋವಾಯ್ತು. ಚುಚ್ಚೋದನ್ನ ಬಿಟ್ಟು ಅದೇ ಮಾತು ಮತ್ತೆ ಹೇಳು."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅಮ್ಮನ ದನಿ ಬಂತು. "ಹುಡುಗ ಲಕ್ಷಣವಾಗಿದ್ದಾನೆ."

"ಆಮೇಲೆ?"

"ಆಮೇಲೆ ಹೇಳೋಕೆ ಏನೂ ಉಳೀಲಿಲ್ಲ ಕಣೆ." ಆ ಮಾತಿಗೆ ಅಮ್ಮನಿಗೇ ಅಚ್ಚರಿಯಾಗಿತ್ತು.

ಅವನು ತಲೆ ತಗ್ಗಿಸಿ ನಕ್ಕ. ಈ ಸಲ ಕಣ್ಣೂ ನಗುತ್ತಿತ್ತು. "ಗಂಟೆ ಕೊಡೋದು ಬರೀ ನೆಪ" ಎಂದ ಮೆಲ್ಲಗೆ. "ನೀವಂದ್ರೆ ನಂಗೆ ತುಂಬಾ ಇಷ್ಟ. ಅದನ್ನ ಹೇಳೋಕೆ ಬಂದೆ."

ಟಣ್.

ಅವನು ಗಾಬರಿಯಾದ. "ಯಾಕೆ? ನೋವಾಯ್ತಾ?"

"ಇಲ್ಲ" ಎಂದಳು ಅವಳು, ಕಣ್ಣ ತುಂಬ ನೀರು, ತುಟಿಯ ತುಂಬ ನಗು. "ಗಂಟೆ ಹೊಡೆದ್ರೆ ಮತ್ತೆ ಹೇಳಬೇಕು. ಅದೇ ಮಾತು. ಏನೂ ಬಿಡಬೇಡಿ."