ಎರಡೂವರೆ ಪಟ್ಟು ಬಟ್ಟೆ

"ಏಳನೇ ಕ್ಲಾಸು ದಾಟದವನು ನನ್ನ ಲೆಕ್ಕ ತಿದ್ದುತ್ತೀಯಾ? ಕತ್ತರಿ ಹಿಡಿಯೋಕೆ ತಲೆ ಬೇಕಾಗಿಲ್ಲ, ಕೈ ಸಾಕು."

ಓನರ್ ಮಗ ಇದನ್ನು ಹೇಳಿದ್ದು ತುಂಬಿದ ಅಂಗಡಿಯಲ್ಲಿ. ಪರದೆ ಬಟ್ಟೆ ನೋಡುತ್ತಿದ್ದ ಗಿರಾಕಿಗಳೆಲ್ಲ ನನ್ನತ್ತ ತಿರುಗಿದರು. ಅವನ ತಂಗಿಯೂ. ಅವಳೊಬ್ಬಳು ಇಲ್ಲದಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ.

ನಮ್ಮಲ್ಲಿ ಕಿಟಕಿ ಎಷ್ಟು ಅಗಲವೋ ಅದರ ಎರಡೂವರೆ ಪಟ್ಟು ಬಟ್ಟೆ ಕತ್ತರಿಸಬೇಕು. ಆಗಲೇ ಪರದೆಗೆ ನೆರಿಗೆ ತುಂಬಿ ಬರುವುದು. ಇಷ್ಟು ದಿನ ಅವಳು ಚೀಟಿಯಲ್ಲಿ ಅಗಲ ಮಾತ್ರ ಬರೆದುಕೊಡುತ್ತಿದ್ದಳು. ಗುಣಾಕಾರ ನನ್ನದು.

"ಇವತ್ತು ಕಷ್ಟದ ಲೆಕ್ಕ, ಮಾಸ್ಟ್ರೇ" ಎನ್ನುವಳು, ಕಣ್ಣಂಚಲ್ಲಿ ನಗುತ್ತಾ.

"ಕಷ್ಟ ಲೆಕ್ಕದ್ದಲ್ಲ, ಕೊಡೋರದ್ದು."

ಅವಳು ನಗು ಒತ್ತಿಕೊಂಡು ಹೋದಮೇಲೆ ನಾನು ಅದೇ ಬಟ್ಟೆಯನ್ನು ಎರಡೆರಡು ಸಲ ಅಳೆಯಬೇಕಾಗುತ್ತಿತ್ತು.

ನಮ್ಮಿಬ್ಬರ ವಿಷಯ ಮನೆಗೆ ಗೊತ್ತಾದದ್ದೇ ತಡ, ಚೀಟಿ ಅವಳಣ್ಣನ ಕೈಗೆ ಹೋಯಿತು. ಗುಣಾಕಾರವನ್ನೂ ಅವನೇ ಮಾಡತೊಡಗಿದ.

ಇವತ್ತಿನ ಕಿಟಕಿ ಒಂದೂಮುಕ್ಕಾಲು ಮೀಟರು. ಅವನು ಬರೆದದ್ದು 2⅜. ಚೀಟಿ ಪಕ್ಕಕ್ಕಿಟ್ಟು ನಾನು ಕತ್ತರಿಸಿದ್ದು 4⅜. ಅದಕ್ಕೇ ಈ ರಂಪ.

"ಎರಡೊಂದ್ಲ ಎರಡು," ಅವನು ಎಲ್ಲರಿಗೂ ಕೇಳುವಂತೆ ಹೇಳಿದ. "ಮುಕ್ಕಾಲು ಇಂಟು ಅರ್ಧ, ಎಂಟರಲ್ಲಿ ಮೂರು. ಮುಗೀತು."

ನಾನು ಬಟ್ಟೆಯನ್ನು ಮೇಜಿನ ಮೇಲೆ ಹಾಸಿದೆ. "ಒಂದೂಮುಕ್ಕಾಲು ಒಂದು ಸಲ. ಇನ್ನೊಂದು ಸಲ. ಇಲ್ಲಿಗೇ ಮೂರೂವರೆ ಆಯ್ತು ಸಾರ್, ಇನ್ನೂ ಅರ್ಧ ಪಟ್ಟು ಬಾಕಿ ಇದೆ. ಒಂದನ್ನ ಅರ್ಧದಿಂದ, ಮುಕ್ಕಾಲನ್ನ ಎರಡರಿಂದ ಗುಣಿಸೋದನ್ನ ಯಾರಿಗೆ ಬಿಟ್ರಿ?"

ಅವಳು ಫೋನಿನಲ್ಲಿ ಒತ್ತಿ ಓದಿದಳು: "1.75 ಇಂಟು 2.5. ನಾಲ್ಕು ಪಾಯಿಂಟ್ ಮೂರು ಏಳು ಐದು. ಅಣ್ಣಾ, ಇವರದ್ದೇ ಸರಿ."

ಗಿರಾಕಿ ಹೆಂಗಸೊಬ್ಬರು ಕೆಮ್ಮುವ ನೆಪದಲ್ಲಿ ನಕ್ಕರು.

ಗಲ್ಲಾದಲ್ಲಿ ಕೂತಿದ್ದ ಓನರ್ ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. "ಲೆಕ್ಕ ನಿಂದೇ ಸರಿ ಕಣಪ್ಪಾ. ಆದ್ರೂ ನಾಲ್ಕು ಜನರ ಮುಂದೆ ಅವನ ಮರ್ಯಾದೆ ಹೋಯ್ತು. ಒಂದು ಸಲ ಸಾರಿ ಅಂದ್ಬಿಡು. ನಿಮ್ಮಿಬ್ಬರ ವಿಷಯ ನಾಳೆಯೇ ಮಾತಾಡೋಣ."

ಒಂದೇ ಮಾತು. ಅಷ್ಟಕ್ಕೆ ಅವಳು ಸಿಗುತ್ತಿದ್ದಳು. ಮಾತು ನಾಲಿಗೆ ತುದಿಗೆ ಬಂದೂ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಅವಳತ್ತ ನೋಡಿದೆ.

"ನೀವು ಸಾರಿ ಕೇಳಿದ್ರೆ ನಾನು ನಿಮ್ಮ ಮುಖ ನೋಡಲ್ಲ." ಅವಳು ಅಪ್ಪನಿಗೂ ಕೇಳುವಂತೆ ಹೇಳಿದಳು. "ಹೋಗಿ. ಎಲ್ಲಿ ಕೆಲಸ ಸಿಕ್ಕಿದ್ರೂ ಫೋನ್ ಮಾಡಿ. ಮದುವೆ ಆದ್ರೆ ನಿಮ್ಮನ್ನೇ. ಅಪ್ಪ ಒಪ್ಪಿದ್ರೂ, ಒಪ್ಪದೆ ಇದ್ರೂ."

ಕೊರಳಲ್ಲಿದ್ದ ಅಳತೆ ಟೇಪು ತೆಗೆದು ಮೇಜಿನ ಮೇಲಿಟ್ಟೆ. ಅವಳು ಅದನ್ನೆತ್ತಿ ತನ್ನ ಕೊರಳಿಗೆ ಹಾಕಿಕೊಂಡಳು, ಅಪ್ಪನ ಎದುರಿಗೇ.

"ಏನಯ್ಯಾ, ಹೇಳ್ತೀಯೋ ಇಲ್ವೋ?" ಓನರ್ ಕೇಳಿದರು.

ನಾನು ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದೆ.