ಮುಳ್ಳು ನೋಡದ ಅರ್ಧ ಗಂಟೆ

"ಟೇಪಮ್ಮಾ, ನಿನ್ನ ಟೇಪ್ ಕೈ ಕೊಟ್ಟಿದೆ ಕಣೇ."

ಅಚ್ಚಿನಿಂದ ಎತ್ತಿದ ದೋಣಿಯ ಅಂಚಿಗೆ ಟಾರ್ಚ್ ಹಿಡಿದು, ಶೆಡ್ಡಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಅವನು ಹಾಗೆಂದಾಗ ನಾನು ಬಗ್ಗಿದೆ. ಗಾಜಿನಂತೆ ತಿಳಿಯಾಗಿರಬೇಕಾದ ಕಡೆ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು. ಆರು ವರ್ಷದಲ್ಲಿ ನನ್ನ ಕೈಯಿಂದ ಹೊರಟ ಒಂದು ದೋಣಿಯಲ್ಲೂ ಗುಳ್ಳೆ ಬಂದಿರಲಿಲ್ಲ. ಅವನು ತೋರಿಸಿದಷ್ಟನ್ನು ನೋಡಿದೆ. ಮಿಕ್ಕಿದ್ದನ್ನು ನೋಡುವ ಧೈರ್ಯ ಬರಲಿಲ್ಲ.

ನಮ್ಮ ಶೆಡ್ಡಿನಲ್ಲಿ ತಯಾರಾಗುವುದು ಪ್ರವಾಹದಲ್ಲಿ ಸಿಕ್ಕಿಬಿದ್ದವರನ್ನು ಕರೆತರುವ ದೋಣಿಗಳು. ಅಚ್ಚಿನೊಳಗೆ ಗಾಜಿನ ನಾರಿನ ಬಟ್ಟೆ ಹಾಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಸುತ್ತಲೂ ಅಂಟು ಟೇಪ್ ಒತ್ತುವುದು ನನ್ನ ಕೆಲಸ. ಪಂಪ್ ಒಳಗಿನ ಗಾಳಿಯನ್ನೆಲ್ಲ ಎಳೆದುಬಿಟ್ಟರೆ, ಅವನು ಕಲಸಿಟ್ಟ ರೆಸಿನ್ ಎಂಬ ಗಟ್ಟಿಯಾಗುವ ಅಂಟುದ್ರವ ಪೈಪಿನಲ್ಲಿ ತಾನಾಗಿ ಹರಿದು ಬಟ್ಟೆಯನ್ನು ನೆನೆಸುತ್ತದೆ. ಒಂದು ಚೂರು ಗಾಳಿ ಉಳಿದರೂ ಗುಳ್ಳೆ. ಗುಳ್ಳೆ ಇದ್ದ ಕಡೆ ದೋಣಿ ಬಿರುಕು ಬಿಡುತ್ತದೆ.

ಅದಕ್ಕೇ ರೆಸಿನ್ ಬಿಡುವ ಮುಂಚೆ ಪಂಪ್ ನಿಲ್ಲಿಸಿ ಅರ್ಧ ಗಂಟೆ ಒತ್ತಡ ತೋರಿಸುವ ಗೇಜಿನ ಮುಳ್ಳನ್ನು ಕಾಯಬೇಕು. ಮುಳ್ಳು ಅಲುಗಿದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಇಬ್ಬರು ಕಾಯಬೇಕು, ಇಬ್ಬರೂ ಸಹಿ ಹಾಕಬೇಕು, ನಡುವೆ ಬೇರೆ ಕೆಲಸ ಮುಟ್ಟುವಂತಿಲ್ಲ. ಹರೆಯದ ಇಬ್ಬರನ್ನು ವಾರಕ್ಕೆರಡು ಸಲ ಹೀಗೆ ಸುಮ್ಮನೆ ಕೂರಿಸಿದರೆ ಏನಾಗುತ್ತದೋ ನಮಗೂ ಅದೇ ಆಯಿತು.

"ಮುಳ್ಳು ನೋಡು," ಎನ್ನುತ್ತಿದ್ದೆ.

"ನೋಡ್ತಾನೇ ಇದೀನಲ್ಲ."

"ಅದು ನನ್ನ ಮುಖ, ರಾಯರೇ."

"ಇದೂ ಅಲುಗ್ತಿಲ್ಲ. ಒಂಚೂರು ನಗು, ಸೋರುತ್ತೋ ಇಲ್ವೋ ಗೊತ್ತಾಗ್ಲಿ."

ನಗು ಸೋರದೆ ಇರುತ್ತದೆಯೇ! ಅವನ ಗ್ಲೌಸಿನ ತುದಿ ನನ್ನ ಗ್ಲೌಸಿಗೆ ತಾಗಿದರೆ ಸಾಕು, ಎರಡು ಪದರ ರಬ್ಬರಿನ ಆಚೆಯಿಂದಲೂ ನನ್ನ ಕಿವಿ ಬಿಸಿಯಾಗುತ್ತಿತ್ತು.

ಈ ಕೆಟ್ಟ ದೋಣಿಯ ಮುಳ್ಳು ಕಾಯುತ್ತಿದ್ದ ದಿನವಂತೂ ಅವನು ಮೆಲ್ಲಗೆ, "ಭಾನುವಾರ ಅಮ್ಮನ್ನ ಕರ್ಕೊಂಡು ನಿಮ್ಮ ಅಕ್ಕನ ಮನೆಗೆ ಬರ್ಲಾ? ಮದುವೆ ಮಾತಾಡೋಕೆ?" ಎಂದು ಕೇಳಿದ. ಆಮೇಲೆ ನಾನು ಮುಳ್ಳಿನ ಕಡೆ ಕಣ್ಣೆತ್ತಲೇ ಇಲ್ಲ. ಇವನ ರೆಪ್ಪೆ ಇಷ್ಟು ಉದ್ದವಿದ್ದದ್ದು ಇಷ್ಟು ದಿನ ಯಾಕೆ ಕಾಣಲಿಲ್ಲ ಎಂದುಕೊಳ್ಳುತ್ತಾ ಕೂತು, ಕೊನೆಗೆ ಕಣ್ಣು ಮುಚ್ಚಿ ಸಹಿ ಹಾಕಿದೆ.

ಹಾಗಾಗಿ ಗುಳ್ಳೆ ಬಂದಾಗ ನಾನು ಯಾರ ಮೇಲೂ ಅನುಮಾನ ಪಡಲಿಲ್ಲ. ಯಜಮಾನರ ಮುಂದೆ ನಿಂತು, "ನಂದೇ ತಪ್ಪು ಸಾರ್," ಎಂದೆ. ಮುಂದಿನ ದೊಡ್ಡ ದೋಣಿಗೆ ನಾನೇ ಮೇಸ್ತ್ರಿ ಎಂದು ಅವರು ಮಾತು ಕೊಟ್ಟಿದ್ದರು. ಈ ಶೆಡ್ಡಿನಲ್ಲಿ ಹೆಂಗಸೊಬ್ಬಳು ಮೇಸ್ತ್ರಿಯಾಗುವುದು ಅದೇ ಮೊದಲಾಗುತ್ತಿತ್ತು. ಅವರು ನಿಟ್ಟುಸಿರು ಬಿಟ್ಟು ಆ ದೋಣಿಯನ್ನು ಅವನಿಗೆ ವಹಿಸಿದರು.

ಮೂರು ದಿನ ಅತ್ತೆ. ಮೂರೂ ದಿನ ಅವನು ಟೀ ತಂದುಕೊಟ್ಟ, ತನ್ನ ತೋಳಿನಿಂದಲೇ ನನ್ನ ಕಣ್ಣು ಒರೆಸಿದ.

"ಹೋಗ್ಲಿ ಬಿಡೇ, ಎಲ್ಲರ ಕೈಲೂ ಆಗುತ್ತೆ. ಮೇಸ್ತ್ರಿ ನಾನಾದ್ರೇನು, ನೀನಾದ್ರೇನು? ಹೇಗೂ ಒಂದೇ ಮನೆ."

ಇಂಥವನು ಸಿಕ್ಕಿದ್ದು ನನ್ನ ಪುಣ್ಯ ಎಂದುಕೊಂಡೆ. ಎಂಥ ಪೆದ್ದಿ ನಾನು!

ನಾಲ್ಕನೆಯ ದಿನ ಕೆಟ್ಟ ದೋಣಿಯನ್ನು ಕತ್ತರಿಸಿ ಹಿತ್ತಲಿಗೆ ಹಾಕುತ್ತಿದ್ದರು. ನಟ್ಟನಡುವಿನ ಒಂದು ತುಂಡನ್ನು ಎತ್ತಿ ಬಿಸಿಲಿಗೆ ಹಿಡಿದೆ. ಅಲ್ಲೂ ಗುಳ್ಳೆ. ಇನ್ನೊಂದು ತುಂಡು ಎತ್ತಿದೆ, ಅದರಲ್ಲೂ ಅಷ್ಟೇ, ಒಂದೇ ಸಮ. ಟೇಪ್ ಸೋರಿದ್ದರೆ ಗುಳ್ಳೆ ಸೋರಿದ ಜಾಗದಿಂದ ಸಾಲು ಹಿಡಿದು ಹೋಗುತ್ತದೆ. ಹೀಗೆ ಮೈತುಂಬ ಹರಡುವುದಿಲ್ಲ. ಈ ಗಾಳಿ ರೆಸಿನ್ನಿನ ಒಳಗೇ ಇತ್ತು.

ಕಲಸುವಾಗ ರೆಸಿನ್ನಿಗೆ ಗಾಳಿ ಸೇರುತ್ತದೆ. ಮುಚ್ಚಿದ ಡ್ರಮ್ಮಿನಲ್ಲಿಟ್ಟು ಆ ಗಾಳಿಯನ್ನು ಎಳೆದರೆ ಅದು ಹಾಲಿನಂತೆ ಉಕ್ಕಿ, ಇಳಿದು, ತಿಳಿಯಾಗುತ್ತದೆ. ಇಪ್ಪತ್ತು ನಿಮಿಷದ ಕೆಲಸ. ಅವನ ಕೆಲಸ.

ತುಂಡನ್ನು ತಂದು ಅವನ ಮುಂದಿಟ್ಟೆ. "ಡ್ರಮ್ಮಿಗೆ ಇಟ್ಟಿದ್ಯಾ?"

ಅವನು ತುಂಡನ್ನು ಮುಟ್ಟಲೂ ಇಲ್ಲ.

"ನೀನು ಊಟಕ್ಕೆ ಹೋಗಿದ್ದೆ. ಯಜಮಾನ್ರು ಕರೆದ್ರು, ಮಾತು ಉದ್ದ ಆಯ್ತು. ಹಾರ್ಡನರ್ ಹಾಕಾಗಿತ್ತು, ಗಟ್ಟಿ ಆಗ್ಬಿಡುತ್ತೆ ಅಂತ ಹಾಗೇ ಪೈಪಿಗೆ ಬಿಟ್ಟೆ."

"ಶೀಟಲ್ಲಿ ಇಪ್ಪತ್ತು ನಿಮಿಷ ಅಂತ ಬರ್ದಿದೀಯ."

"ಬರ್ದೆ."

"ಟಾರ್ಚ್ ಬರೀ ಅಂಚಿಗೇ ಯಾಕೆ ಹಿಡಿದೆ?"

ಅವನು ಗ್ಲೌಸು ಕಳಚತೊಡಗಿದ. ನನಗೆ ಮೈಯೆಲ್ಲ ಉರಿದುಹೋಯಿತು. ಆ ತುಂಡನ್ನು ಅವನ ತಲೆಗೇ ಹಾಕೋಣ ಎನ್ನಿಸಿತು, ಸುಳ್ಳೇಕೆ ಹೇಳಲಿ.

"ನಿನಗಾದ್ರೆ ಒಂದು ಮಾತು ಬೈದು ಬಿಡ್ತಾರೆ," ಎಂದ ಕೊನೆಗೆ. "ನಾನು ಬಂದು ಇನ್ನೂ ಎರಡು ವರ್ಷ. ಮನೆಗೇ ಕಳಿಸ್ತಿದ್ರು. ಕೆಲಸ ಇಲ್ದೋನು ಯಾವ ಮುಖ ಇಟ್ಕೊಂಡು ನಿಮ್ಮ ಅಕ್ಕನ ಮನೆಗೆ ಬರ್ಲಿ? ಈಗಲೇ ಹೋಗಿ ಹೇಳ್ತೀನಿ, ನೋಡು."

ಹೇಳಿದ, ನಿಜ. ಆಫೀಸಿನ ಕಿಟಕಿಯಲ್ಲಿ ಅವನ ತಗ್ಗಿದ ತಲೆ ನನಗೆ ಕಾಣುತ್ತಿತ್ತು. ಹತ್ತು ನಿಮಿಷಕ್ಕೆ ಹೊರಬಂದ. ಮುಖ ಬಿಳಿಚಿಕೊಂಡಿತ್ತು, ಆದರೂ ಎಲ್ಲೋ ಒಂದು ಆಸೆ ಇತ್ತು.

"ಒಂದು ಸಲಕ್ಕೆ ಕ್ಷಮಿಸಿದ್ದಾರೆ. ದೊಡ್ಡ ದೋಣಿ ನಿಂದೇ. ಈಗ ಸರಿ ಹೋಯ್ತಲ್ಲ?"

"ಒಂದು ಮಾತು ಕೇಳ್ತೀನಿ, ನಿಜ ಹೇಳು. ಮೂರು ದಿನ ನನ್ನ ಕಣ್ಣು ಒರೆಸಿದ್ಯಲ್ಲ, ಆಗ ನಿನಗೆ ಏನನ್ನಿಸ್ತಿತ್ತು?"

"ನೀನು ಬೇಗ ಮರೆತುಬಿಟ್ರೆ ಸಾಕಪ್ಪಾ ಅನ್ನಿಸ್ತಿತ್ತು."

ನಿಜವನ್ನೇ ಹೇಳಿದ. ಅದಕ್ಕೇ ಇನ್ನಷ್ಟು ನೋವಾಯಿತು. ಅವನ ಮುಂದೆಯೇ ಅಕ್ಕನಿಗೆ ಫೋನ್ ಮಾಡಿದೆ.

"ಭಾನುವಾರ ಅವರು ಬರಲ್ಲ ಅಕ್ಕ."

"ಅಯ್ಯೋ, ಪರದೆ ಎಲ್ಲ ಒಗೆದು ಹಾಕಿದೀನಲ್ಲೇ! ಏನಾಯ್ತು, ಜಗಳ ಆಡ್ಕೊಂಡ್ರಾ?"

"ಜಗಳ ಆಗಿದ್ರೆ ರಾಜಿ ಆಗ್ಬೋದಿತ್ತು."

"ಮತ್ತೇನೇ? ಅವನು ಬೇಡ್ವಾ ನಿನಗೆ?"

ಅವನು ನನ್ನನ್ನೇ ನೋಡುತ್ತಿದ್ದ.

"ಬೇಕು ಅಕ್ಕ. ಈಗಲೂ ಬೇಕು. ಆದ್ರೆ ಇನ್ಮೇಲೆ ಅವನು ಸಮಾಧಾನ ಮಾಡಿದಾಗೆಲ್ಲ ನನಗೆ ಭಯ ಆಗುತ್ತೆ."