ಒಂದು ಚಿಟಿಕೆ ತವರು

ಬೆಳಗ್ಗೆ ಬಾಗಿಲು ತೆಗೆದಾಗ ಎದುರಿಗೆ ನಿಂತಿದ್ದವಳು ತಾಮ್ರಪಾಚಿ ಮನೆತನದ ಯಜಮಾನಿ. ಆ ಮನೆಯವರು ನಮ್ಮ ಓಣಿಗೆ ಕಾಲಿಡುವುದೇ ಅಪರೂಪ. ಇಡಬೇಕಾಗಿ ಬಂದರೂ ಕತ್ತಿಗೆ ಬಟ್ಟೆ ಸುತ್ತಿಕೊಂಡು, ಓಣಿಯ ಕಲಬೆರಕೆ ಗಾಳಿ ತಗಲದ ಹಾಗೆ ಸರಸರನೆ ಹೊರಟುಹೋಗುವವರು. ಈಕೆ ಮಾತ್ರ ಬರಿಗತ್ತಿನಲ್ಲಿ ಬಂದಿದ್ದಳು. ಕತ್ತಿನ ಎರಡೂ ಪಕ್ಕದ ಉಸಿರುಮಡಿಕೆಗಳು ಏದುಸಿರಿಗೆ ಪಟಪಟನೆ ಬಡಿದುಕೊಳ್ಳುತ್ತಿದ್ದವು. ಅವುಗಳ ಅಂಚು ನೀಲಿಯಾಗಿ ಕಂಡಿತು. ಓಣಿಯ ದೀಪ ಮತ್ತೆ ಕೆಟ್ಟಿದೆ, ಅದನ್ನೂ ನಾನೇ ನೋಡಬೇಕು ಎಂದು ಮನಸ್ಸಿನಲ್ಲೇ ಗೊಣಗಿಕೊಂಡೆ.

"ಓಣಿಮಾವ ಇದ್ದಾರಾ?" ಎಂದಳು. "ನನ್ನ ಸೊಸೇನ ಉಳಿಸಿಕೊಡಬೇಕು."

ನಮ್ಮ ಹಡಗು ನೆಲ ಬಿಟ್ಟು ಎಷ್ಟು ತಲೆಮಾರು ಕಳೆಯಿತೋ ಯಾರಿಗೂ ನೆನಪಿಲ್ಲ. ನಕ್ಷತ್ರಗಳ ನಡುವೆಯೇ ಹುಟ್ಟಿ ಅಲ್ಲೇ ಕಣ್ಣು ಮುಚ್ಚುವ ಜನ ನಾವು. ನಮ್ಮಲ್ಲಿ ಮನೆತನ ಎಂದರೆ ರಕ್ತವಲ್ಲ, ಗಾಳಿ. ಒಂದೊಂದು ಮನೆತನಕ್ಕೂ ಒಂದೊಂದು ಪಾಚಿತೊಟ್ಟಿ. ಆ ಪಾಚಿ ಬಿಡುವ ಗಾಳಿಯನ್ನು ಉಸಿರಾಡುವವರೆಲ್ಲ ಒಂದೇ ಮನೆಯವರು. ತಿಂಗಳುಗಟ್ಟಲೆ ಉಸಿರಾಡಿದ ಮೇಲೆ ಪಾಚಿಯ ಬಣ್ಣ ಉಸಿರುಮಡಿಕೆಗೆ ಹತ್ತುತ್ತದೆ. ಹಾಗಾಗಿ ಯಾರು ಯಾವ ಮನೆಯವರು ಎಂದು ಕೇಳುವ ಅಗತ್ಯವೇ ಬೀಳುವುದಿಲ್ಲ, ಕತ್ತು ನೋಡಿದರೆ ಸಾಕು. ಮನೆಗಳ ನಡುವೆ ಉದ್ದಕ್ಕೂ ಹಾದಿರುವ ಓಣಿಯಲ್ಲಿ ಎಲ್ಲರ ಮನೆಯಿಂದ ಸೋರಿದ ಗಾಳಿ ಕಲೆತಿರುತ್ತದೆ. ಯಾವ ಮನೆಗೂ ಬೇಡವಾದವರು ಇಲ್ಲಿರುತ್ತಾರೆ. ನಾನು ಬಾಗಿಲು ರಿಪೇರಿ ಮಾಡುವವನು, ಇಲ್ಲಿದ್ದೇನೆ. ಓಣಿಮಾವನೂ ಇದ್ದಾನೆ. ಯಾರ ಗಾಳಿಯ ಹಂಗೂ ಇಲ್ಲದವನೇ ಮನೆತನಗಳ ನಡುವಿನ ತಗಾದೆ ವಿಚಾರಿಸಬೇಕು ಎಂಬುದು ಹಳೆಯ ಕಟ್ಟಳೆ. ಆ ಕೆಲಸ ಅವನ ಕುತ್ತಿಗೆಗೆ ಬಿದ್ದಿತ್ತು. ನಾನು ಅವನ ಬಾಲ.

ಯಜಮಾನಿ ಹೇಳಿದ್ದು ಇಷ್ಟು. ಹಿಂದಿನ ದಿನ ಬೆಳಗ್ಗೆ ಅವರ ತೊಟ್ಟಿಯ ಪಾಚಿಯೆಲ್ಲ ಕಪ್ಪಾಗಿ ಸತ್ತು ಬಿದ್ದಿತ್ತು. ತಳದ ಒಂದು ಮೂಲೆಯಲ್ಲಿ ಮಾತ್ರ ನೀಲಿಪಾಚಿಯ ಒಂದು ಎಳೆ ಜೀವ ಹಿಡಿದುಕೊಂಡಿತ್ತು. ಮನೆಯವರೆಲ್ಲ ಓಣಿಯಿಂದ ಎಳೆದ ಕೊಳವೆಗೆ ಕತ್ತೊಡ್ಡಿ ಉಸಿರಾಡುತ್ತಿದ್ದರು. ಅವರ ಒಬ್ಬನೇ ಮಗನ ಹೆಂಡತಿ ನೀಲಿಪಾಚಿ ಮನೆಯ ಹುಡುಗಿ. ಇನ್ನು ಕೇಳಬೇಕೆ, ಎಲ್ಲರ ಬೆರಳೂ ಅವಳ ಕಡೆಗೇ ತಿರುಗಿತು. ತವರಿನ ಪಾಚಿಯನ್ನು ಕದ್ದು ತಂದು ಗಂಡನ ಮನೆಯ ಉಸಿರು ನಿಲ್ಲಿಸಿದಳು ಎಂದರು. ಸಂಜೆಗೆ ಎಲ್ಲ ಮನೆತನಗಳ ಸಭೆ ಸೇರಿ ತೀರ್ಮಾನವಾಗುವುದಿತ್ತು.

"ಅವಳು ಮಾಡಿಲ್ಲ," ಎಂದಳು ಯಜಮಾನಿ. "ಅವಳ ಹತ್ತಿರ ತವರಿನ ಪಾಚಿ ಒಂದು ಚೂರೂ ಇರಲಿಲ್ಲ. ನನಗೆ ಗೊತ್ತು. ಏನೋ ರೋಗ ಬಂದಿರಬೇಕು. ನೀರು ಕೆಟ್ಟಿರಬೇಕು. ಬೇರೆ ಏನಾದ್ರೂ ಇದ್ದೇ ಇರತ್ತೆ, ಹುಡುಕಿ."

ಓಣಿಮಾವ ಅವಳನ್ನೇ ನೋಡುತ್ತ ಕೂತಿದ್ದ. ಆಮೇಲೆ ಹುಡುಕುತ್ತೇನೆ, ಆದರೆ ಸಿಕ್ಕಿದ್ದನ್ನು ಬಚ್ಚಿಡುವುದಿಲ್ಲ ಎಂದ. ಅವಳು ತಲೆಯಾಡಿಸಿ ಹೊರಟುಹೋದಳು.

ಈ ತೀರ್ಮಾನದ ಭಾರ ಎಷ್ಟೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಪಾಚಿ ಕೊಂದವರು ಹೊರಗಿನವರಾದರೆ ಅವರ ತವರು ಮನೆತನ ಗಾಳಿ ಕಳೆದುಕೊಂಡವರನ್ನೆಲ್ಲ ಒಟ್ಟಿಗೆ ಒಳಗೆ ಸೇರಿಸಿಕೊಳ್ಳಬೇಕು. ತಪ್ಪಿತಸ್ಥೆ ಓಣಿಗೆ ಬೀಳುತ್ತಾಳೆ. ಮದುವೆಯಾಗಿ ವರ್ಷ ತುಂಬದ ಸೊಸೆಯೂ ಈ ಲೆಕ್ಕಕ್ಕೆ ಹೊರಗಿನವಳೇ. ಮನೆಯವರೇ ಕೊಂದಿದ್ದರೆ ಆ ಮನೆತನ ಒಡೆಯುತ್ತದೆ, ಎಲ್ಲಿ ಜಾಗವಿದೆಯೋ ಅಲ್ಲಿಗೆ ಒಬ್ಬೊಬ್ಬರಾಗಿ ಹಂಚಿಹೋಗುತ್ತಾರೆ. ಹುಡುಗಿ ತಪ್ಪಿತಸ್ಥೆ ಎಂದಾದರೆ ತಾಮ್ರಪಾಚಿಯವರಿಗೆ ಲಾಭವೇ. ಅದಕ್ಕೇ ಅವರು ಅಷ್ಟು ಜೋರಾಗಿ ಕೂಗಾಡುತ್ತಿದ್ದುದು ಎಂದು ನಾನು ಹಲ್ಲು ಕಡಿದೆ. ಓಣಿಮಾವ, "ಭಯಕ್ಕೆ ಕೂಗ್ತಾರೆ, ಬಿಡು," ಎಂದ.

ಪಾಚಿಕೋಣೆ ಇಕ್ಕಟ್ಟಾಗಿತ್ತು, ಕೊಳೆತ ವಾಸನೆ ಹೊಡೆಯುತ್ತಿತ್ತು. ತೊಟ್ಟಿಯ ಒಂದು ಪಕ್ಕ ಪಾಚಿಗಾರ ನಿಂತು ಕೆರೆಯುವ ಹಲಗೆ. ಎದುರು ಪಕ್ಕ ಪಾಚಿಗೆ ಹಿಟ್ಟು ಸುರಿಯುವ ಕಿಂಡಿ. ಹಿಟ್ಟು ಹಾಕುವುದು ಮನೆಯ ಹೆಂಗಸರ ಸರದಿ ಕೆಲಸ. ನೀಲಿ ಎಳೆ ಇದ್ದುದು ಕಿಂಡಿಯ ಕೆಳಗಿನ ಮೂಲೆಯಲ್ಲಿ. ಓಣಿಮಾವ ತೋಳೇರಿಸಿ ಅದನ್ನು ಎಳೆದು ನೋಡಿದ. ಬೇರು ತೊಟ್ಟಿಯ ಗೋಡೆಗೆ ಕಚ್ಚಿಕೊಂಡಿತ್ತು, ಜಪ್ಪಯ್ಯ ಎಂದರೂ ಬರಲಿಲ್ಲ.

ಪಾಚಿಗಾರ ಯಜಮಾನನ ತಮ್ಮ, ಮಾತಿಗಿಂತ ಬೆವರು ಹೆಚ್ಚು. ಅವನ ಸಾಮಾನಿನ ಮೂಲೆಯಲ್ಲಿ ಚಿಂದಿಯ ಕೆಳಗೆ ಅಡಗಿಸಿದ್ದ ಕೆರೆಗತ್ತಿಯನ್ನು ನಾನೇ ಹೊರಗೆಳೆದೆ. ಅಲಗಿನ ಮೇಲೆ ನೀಲಿ ಕಲೆ ಒಣಗಿತ್ತು. ಕಳ್ಳ ಸಿಕ್ಕಿಬಿದ್ದ ಎಂದು ನನಗೆ ಖುಷಿಯೋ ಖುಷಿ. ಅವನು ಕುಸಿದು ಕೂತು, ನೀಲಿ ಕಂಡು ಬಹಳ ದಿನವಾಯಿತು, ಮೇಲ್ಮೇಲೆ ಕೆರೆದು ತೆಗೆಯುತ್ತಿದ್ದೆ, ಹೇಳಿದರೆ ಪಾಚಿ ನೋಡಿಕೊಳ್ಳಲು ಬಾರದವನು ಎನ್ನುತ್ತಾರೆಂದು ಸುಮ್ಮನಿದ್ದೆ ಎಂದು ಅತ್ತ. ಮೊದಲು ಕಂಡದ್ದು ಯಾವಾಗ ಎಂದು ಓಣಿಮಾವ ಕೇಳಿದ. ಸೊಸೆ ಕಾಯಿಲೆಯಿಂದ ಎದ್ದು ಓಡಾಡಲು ಶುರು ಮಾಡಿದ ಹೊತ್ತಿಗೆ ಎಂದ.

ಆ ಕಾಯಿಲೆಯ ವಿವರ ಸೊಸೆಯ ಬಾಯಿಂದಲೇ ಬಂತು. ಮದುವೆಯಾಗಿ ಬಂದ ಹೊಸದರಲ್ಲಿ ಈ ಮನೆಯ ಗಾಳಿ ಒಗ್ಗದೆ ಅವಳ ಮಡಿಕೆಗಳು ಮುಚ್ಚಿಕೊಂಡಿದ್ದವಂತೆ. ಊಟ ಸೇರುತ್ತಿರಲಿಲ್ಲ, ಮಲಗಿದಲ್ಲೇ ಸೊರಗಿದಳಂತೆ. ಗಂಡ ಪಕ್ಕದಲ್ಲೇ ಕೂತು ಅವಳ ಕೈ ಹಿಡಿದುಕೊಂಡಿದ್ದ. ಬದುಕುವುದಿಲ್ಲ ಎಂದುಕೊಂಡಿದ್ದೆವು ಎಂದು ಅವನೇ ಸೇರಿಸಿದ.

"ಆಮೇಲೆ ಒಂದಿನ ಎದ್ದಾಗ ಮೈ ಹಗುರ ಆಗಿತ್ತು," ಎಂದಳು ಹುಡುಗಿ. "ಅಮ್ಮನ ಮಡಿಲಲ್ಲಿ ಮಲಗಿದ ಹಾಗೆ ಕನಸು ಬಿದ್ದಿತ್ತು. ಅತ್ತೆ ತುಂಬ ನೋಡಿಕೊಂಡ್ರು. ಅವರೂ ಹೊರಗಿನಿಂದ ಬಂದವರೇ ಅಲ್ವಾ, ಅವರಿಗೆ ಗೊತ್ತಿತ್ತು."

ಪಾಚಿಕೋಣೆಗೆ ಹೋಗಿದ್ದೆಯಾ ಎಂದರೆ, ಮಡಿಕೆಗೆ ತಾಮ್ರದ ಬಣ್ಣ ಹತ್ತುವವರೆಗೆ ಹೊಸ ಸೊಸೆ ಆ ಹೊಸ್ತಿಲು ದಾಟುವಂತಿಲ್ಲ, ತಾನು ದಾಟಿದ್ದು ಹೋದ ವಾರವಷ್ಟೇ ಎಂದಳು. ಮನೆಯ ಉಳಿದ ಹೆಂಗಸರೂ ಅದನ್ನು ಒಪ್ಪಿಕೊಂಡರು; ಹೋದ ವಾರ ದಾಟಿದ್ದೇ ಅವಳ ಮೇಲಿನ ದೂರಿಗೆ ಆಧಾರವಾಗಿತ್ತು.

ಹೊರಗೆ ಬಂದ ಮೇಲೆ ಓಣಿಮಾವ ನನ್ನನ್ನು ಆ ಮದುವೆಯ ಬಗ್ಗೆ ಕೇಳಿದ. ನಾನು ಅಲ್ಲಿದ್ದೆ. ಕುಲುಮೆಯ ಬಾಗಿಲು ನೆಟ್ಟಗೆ ನಿಲ್ಲುತ್ತಿರಲಿಲ್ಲವೆಂದು ಹಿಡಿದುಕೊಳ್ಳಲು ಕರೆದಿದ್ದರು. ನಮ್ಮಲ್ಲಿ ಮದುಮಗಳು ತವರಿನ ಪಾಚಿ ಒಂದು ಚಿಟಿಕೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿ ತರುತ್ತಾಳೆ. ಅತ್ತೆ ಅದನ್ನು ಒಳಗೆ ಒಯ್ದು, ಬಟ್ಟೆ ಬಿಚ್ಚಿ, ಹೊರಗೆ ತಂದು ಕುಲುಮೆಗೆ ಸುರಿಯಬೇಕು. ಅಲ್ಲಿಗೆ ಹುಡುಗಿಯ ಹಳೆಯ ಮನೆ ಮುಗಿಯಿತು. ಸುರಿಯುವಾಗ ಎಲ್ಲರೂ ಬೆನ್ನು ತಿರುಗಿಸಿ ನಿಲ್ಲುತ್ತಾರೆ. ನೋಡಿದರೆ ಕೇಡು ಎನ್ನುತ್ತಾರೆ. ನಾನು ಓಣಿಯವನು, ಕೇಡಾದರೂ ಯಾರಿಗೇನು, ಬಾಗಿಲು ಹಿಡಿದು ನಿಂತೇ ಇದ್ದೆ.

"ನೋಡಿದ್ದೇನು?" ಎಂದ ಓಣಿಮಾವ.

"ನೋಡೋದೆಲ್ಲಿ ಬಂತು? ಆಯಮ್ಮ ಡಬ್ಬಿ ಕೊಡವಿದ ಧೂಳೆಲ್ಲ ನನ್ನ ಕಣ್ಣಿಗೇ ಬಿತ್ತು. ಊಟದ ಹೊತ್ತಿಗೂ ಉರಿ ಹೋಗಿರಲಿಲ್ಲ," ಎಂದೆ.

ಅವನು ಓಣಿಯ ಮಧ್ಯದಲ್ಲೇ ನಿಂತುಬಿಟ್ಟ. ತಾನು ಸುಮ್ಮನಿದ್ದುಬಿಟ್ಟರೆ ಒಂದು ಮನೆ ಒಟ್ಟಿಗೆ ಉಳಿಯುತ್ತದೆ, ಒಬ್ಬಳು ಹುಡುಗಿ ಮಾತ್ರ ಓಣಿಗೆ ಬರುತ್ತಾಳೆ ಎಂದ. ಓಣಿ ಅಷ್ಟೊಂದು ಕೆಟ್ಟದ್ದೇ ಎಂದು ನಾನು ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ.

"ನಾವು ಬಂದು ಬಹಳ ಕಾಲ ಆಯ್ತು," ಎಂದ ಓಣಿಮಾವ. "ಮೊದಲ ವರ್ಷ ಹೇಗಿತ್ತು ಅನ್ನೋದು ಮರೆತಿದ್ದೀವಿ."

ಸಭೆ ಸೇರಿದ್ದು ದೊಡ್ಡ ಹಜಾರದಲ್ಲಿ. ನೀಲಿಪಾಚಿಯವರು ಒಂದು ಕಡೆ ಬಿಗಿದುಕೊಂಡು ನಿಂತಿದ್ದರು. ತಾಮ್ರಪಾಚಿಯವರು ಇನ್ನೊಂದು ಕಡೆ, ಮುಂದೆ ಯಜಮಾನ, ಅವನ ಹಿಂದೆ ಯಜಮಾನಿ. ಸೊಸೆಯನ್ನು ನಡುವೆ ಒಂಟಿಯಾಗಿ ನಿಲ್ಲಿಸಿದ್ದರು. ಗಂಡ ಅವಳ ಪಕ್ಕಕ್ಕೆ ಬರಲು ಹೋದರೆ ಯಜಮಾನ ರಟ್ಟೆ ಹಿಡಿದು ನಿಲ್ಲಿಸಿಕೊಂಡ.

ಓಣಿಮಾವ ಮೊದಲು ಕೇಳಿದ್ದು ವಿಚಿತ್ರವಾಗಿತ್ತು. ತಾಮ್ರಪಾಚಿಯವರೆಲ್ಲ ಪಕ್ಕದವರ ಕತ್ತು ನೋಡಿ ಎಂದ. ಅವರು ಗೊಣಗುತ್ತ ನೋಡಿದರು. ಗೊಣಗಾಟ ನಿಂತಿತು. ಯಜಮಾನನಿಂದ ಹಿಡಿದು ಕೈಗೂಸಿನವರೆಗೆ ಪ್ರತಿಯೊಬ್ಬರ ಮಡಿಕೆಯ ಅಂಚಿನಲ್ಲೂ ನೀಲಿ ಹತ್ತಿತ್ತು. ಬೆಳಗ್ಗೆ ಓಣಿಯ ದೀಪವನ್ನು ಸುಮ್ಮನೆ ಬೈದಿದ್ದೆನಲ್ಲ ಎಂದು ನನಗೆ ಆಗ ಹೊಳೆಯಿತು.

"ದಿನಾ ನೋಡೋ ಕತ್ತು, ಅದಕ್ಕೇ ನಿಮಗೆ ಕಾಣಿಸಲಿಲ್ಲ," ಎಂದ ಓಣಿಮಾವ. "ಈ ಬಣ್ಣ ಒಂದು ವಾರದಲ್ಲಿ ಬರೋದಲ್ಲ."

ಆಮೇಲೆ ಒಂದೊಂದೇ ಎಳೆ ಬಿಡಿಸುತ್ತ ಹೋದ. ತೊಟ್ಟಿಯಲ್ಲಿ ನೀಲಿಯ ಬೇರು ಗೋಡೆಗೆ ಕಚ್ಚಿತ್ತು. ಅಂದರೆ ತಿಂಗಳುಗಳ ಹಿಂದೆಯೇ ಬಿದ್ದದ್ದು. ಆಗ ಸೊಸೆ ಹಾಸಿಗೆ ಹಿಡಿದಿದ್ದಳು, ಪಾಚಿಕೋಣೆಯ ಹೊಸ್ತಿಲು ತುಳಿದಿರಲೇ ಇಲ್ಲ. ಪಾಚಿಗಾರ ಬಚ್ಚಿಟ್ಟ ಕೆರೆಗತ್ತಿಯ ಮಾತನ್ನೂ ಹೇಳಿದ. ನೀಲಿ ಬೆಳೆಯಲಿ ಎಂದು ಹಾಕಿದವನು ಅದನ್ನೇ ಕೆರೆದು ತೆಗೆಯುತ್ತ ಕೂರುವುದಿಲ್ಲ. ಅವನದು ಹೆದರಿಕೆ, ಅಷ್ಟೇ. ಮೊದಲ ಚಿಟಿಕೆ ಬಿದ್ದದ್ದು ಹಿಟ್ಟಿನ ಕಿಂಡಿಯಿಂದ. ಹಾಗಾದರೆ ಹಾಕಿದ್ದು ಮನೆಯ ಹಳೆಯ ಹೆಂಗಸರಲ್ಲಿ ಒಬ್ಬಳು.

"ಅವರಿಗೆ ನೀಲಿಪಾಚಿ ಎಲ್ಲಿಂದ ಸಿಗಬೇಕು?" ಎಂದು ಯಜಮಾನ ಗದರಿದ. "ಡಬ್ಬೀಲಿ ಬಂದದ್ದನ್ನ ಮದುವೆ ದಿನವೇ ಸುಟ್ಟಿದ್ದೀವಿ."

ಸುಟ್ಟದ್ದನ್ನು ನೀವು ಯಾರೂ ನೋಡಿಲ್ಲ, ಬೆನ್ನು ತಿರುಗಿಸಿದ್ದಿರಿ ಎಂದ ಓಣಿಮಾವ. ನನ್ನನ್ನು ಮುಂದೆ ಕರೆದು ಕಣ್ಣಿನ ಕತೆ ಹೇಳಿಸಿದ. ನಾನು ಹೇಳಿದೆ. ಹೇಳುತ್ತಿರುವಾಗಲೇ ಅದರ ಅರ್ಥ ನನಗೂ ಆಯಿತು. ಬಾಯಿ ಮುಚ್ಚಿಕೊಂಡಿರಬಾರದಿತ್ತೇ ಎನ್ನಿಸಿತು.

"ಒದ್ದೆ ಬಟ್ಟೇಲಿ ಸುತ್ತಿ ತಂದ ಪಾಚಿ ಮುದ್ದೆಯಾಗಿ ಬೀಳತ್ತೆ," ಎಂದ ಓಣಿಮಾವ. "ಧೂಳಾಗಿ ಹಾರಲ್ಲ. ಆ ಡಬ್ಬೀಲಿ ಇದ್ದದ್ದು ಬೂದಿ." ಆಮೇಲೆ ಯಜಮಾನಿಯ ಕಡೆ ತಿರುಗಿ ದನಿ ಇಳಿಸಿದ. "ಅವಳ ಹತ್ತಿರ ಒಂದು ಚೂರೂ ಇರಲಿಲ್ಲ ಅಂತ ನೀವು ಬೆಳಗ್ಗೆ ಹೇಳಿದ್ರಿ. ಅಷ್ಟು ಖಂಡಿತವಾಗಿ ಹೇಳೋಕೆ ಆಗೋದು, ಅದು ಯಾರ ಹತ್ತಿರ ಇತ್ತು ಅನ್ನೋದು ಗೊತ್ತಿದ್ದವರಿಗೆ ಮಾತ್ರ, ತಾಯಿ."

ಯಜಮಾನಿ ಗಂಡನನ್ನು ದಾಟಿ ನಡುವೆ ಬಂದು ಸೊಸೆಯ ಪಕ್ಕ ನಿಂತಳು.

"ನಾನು ಬಿಳಿಪಾಚಿ ಮನೆಯವಳು," ಎಂದಳು. "ನೀವೆಲ್ಲ ಮರೆತಿರಬಹುದು. ನನ್ನ ಡಬ್ಬೀನ ನಮ್ಮತ್ತೆ ಕುಲುಮೆಗೆ ಸುರಿದಾಗ ಆ ವಾಸನೆಗೆ ನನ್ನ ಜೀವವೇ ಹೋದ ಹಾಗಾಗಿತ್ತು. ಇವಳ ಡಬ್ಬಿ ಕೈಗೆ ಬಂದಾಗ ಸುಡೋಕೆ ಆಗಲಿಲ್ಲ. ಎಲ್ಲೋ ಎತ್ತಿಟ್ಟಿದ್ದೆ. ಆಮೇಲೆ ಈ ಮಗು ನನ್ನ ಕಣ್ಣೆದುರಿಗೇ ಉಸಿರಿಲ್ಲದೆ ಒಣಗ್ತಾ ಇತ್ತು. ಒಂದು ಚಿಟಿಕೆ ಬಿದ್ದರೆ ಏನಾಗತ್ತೆ, ಅವಳಿಗೆ ಅಮ್ಮನ ಮನೆ ಗಾಳಿ ಸ್ವಲ್ಪ ಸಿಗಲಿ ಅಂತ ಹಾಕಿದೆ. ಅವಳು ಎದ್ದು ಕೂತಳು. ಪಾಚಿ ಪಾಚಿಯನ್ನ ತಿನ್ನತ್ತೆ ಅಂತ ನನಗೇನು ಗೊತ್ತು?"

ಓಣಿಮಾವನ ಕಡೆ ಕೈ ತೋರಿಸಿ, "ಬೇರೆ ಏನಾದ್ರೂ ಕಾರಣ ಸಿಕ್ಕೀತು ಅಂತ ಇವರ ಹತ್ತಿರ ಹೋಗಿದ್ದೆ," ಎಂದಳು. ಯಜಮಾನ ಮಗನ ರಟ್ಟೆ ಬಿಟ್ಟುಬಿಟ್ಟ. ಸೊಸೆ ಅತ್ತೆಯ ಸೆರಗು ಹಿಡಿದುಕೊಂಡು ಸದ್ದಿಲ್ಲದೆ ಅಳುತ್ತಿದ್ದಳು. ಪತ್ತೆಯಾದಾಗಲೆಲ್ಲ ಓಣಿಮಾವನ ಬೆನ್ನು ತಟ್ಟುವುದು ನನ್ನ ರೂಢಿ. ಆ ದಿನ ಕೈ ಮೇಲೇಳಲಿಲ್ಲ.

ಕಟ್ಟಳೆ ಕಟ್ಟಳೆಯೇ. ಆ ವಾರದಲ್ಲೇ ತಾಮ್ರಪಾಚಿ ಮನೆ ಖಾಲಿಯಾಯಿತು. ಹುಟ್ಟಿದಂದಿನಿಂದ ಬೇರೆ ಬೇರೆ ಉಂಡು ಗೊತ್ತಿಲ್ಲದ ಯಜಮಾನ ಮತ್ತು ಅವನ ತಮ್ಮ ಹಡಗಿನ ಎರಡು ತುದಿಗೆ ಹೋದರು. ಮಗನಿಗೆ ಹಸಿರುಪಾಚಿಯವರು ಜಾಗ ಕೊಟ್ಟರು. ಅವರಲ್ಲಿ ಒಬ್ಬನಿಗಿಂತ ಹೆಚ್ಚಿಗೆ ಜಾಗವಿರಲಿಲ್ಲ. ಸೊಸೆ ತವರಿಗೆ ಮರಳಿದಳು. ಗಂಡ ಅಲ್ಲಿಗೆ ಹೋಗುವಂತಿಲ್ಲ, ಹೋಗಿ ಅದೇ ಗಾಳಿ ಉಸಿರಾಡಿದರೆ ಆ ಮನೆಯ ಮಗನ ಲೆಕ್ಕ, ಅವಳಿಗೆ ಅಣ್ಣನಾಗುತ್ತಾನೆ. ಅವರಿಬ್ಬರೂ ಈಗ ನಮ್ಮ ಓಣಿಯ ಬೆಂಚಿನ ಮೇಲೆ ಕತ್ತಿಗೆ ಬಟ್ಟೆ ಸುತ್ತಿಕೊಂಡು ಕೂತು ಮಾತಾಡುತ್ತಾರೆ. ಅವರು ಬಂದರೆ ನಾನು ಸುತ್ತಿಗೆ ಕೆಳಗಿಟ್ಟು ಒಳಗೆ ಹೋಗುತ್ತೇನೆ.

ಯಜಮಾನಿಯನ್ನು ಯಾವ ಮನೆಯೂ ಸೇರಿಸಿಕೊಳ್ಳಲಿಲ್ಲ, ಬಿಳಿಪಾಚಿಯವರೂ ಕೂಡ. ನಮ್ಮ ಪಕ್ಕದ ಗೂಡಿಗೆ ಬಂದಳು. ಅದರ ಬಾಗಿಲಿಗೆ ನಾನು ಹೊಸ ರಬ್ಬರು ಹಾಕಿಕೊಟ್ಟೆ. ಓಣಿಮಾವ ದಿನವೂ ಹೋಗಿ ಅವಳ ಎದುರು ಕೂರುತ್ತಿದ್ದ. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಈ ಒಂದು ಪತ್ತೆ ತಪ್ಪಾಗಿದ್ದರೆ ಚೆನ್ನಾಗಿರುತ್ತಿತ್ತು ಎಂದು ಅವನು ನನ್ನ ಬಳಿ ಒಮ್ಮೆ ಹೇಳಿದ್ದಾನೆ.

ಒಂದು ದಿನ ಸೊಸೆ ಪುಟ್ಟ ಡಬ್ಬಿ ಹಿಡಿದು ಬಂದಳು. ಬಿಳಿಪಾಚಿಯವರ ಮನೆಬಾಗಿಲಲ್ಲಿ ಎಷ್ಟು ಸಲ ನಿಂತು ಬೇಡಿಕೊಂಡಳೋ, ಒಂದು ಚಿಟಿಕೆ ತಂದಿದ್ದಳು. ಓಣಿಯಲ್ಲಿ ಯಾವ ಪಾಚಿಗೂ ಅಡ್ಡಿಯಿಲ್ಲ. ಒದ್ದೆ ಬಟ್ಟೆ ಬಿಚ್ಚಿ ಅತ್ತೆಯ ಕತ್ತಿನ ಹತ್ತಿರ ಹಿಡಿದಳು. ಮುದುಕಿ ಕಣ್ಣು ಮುಚ್ಚಿ, ಮಡಿಕೆ ಅಗಲಿಸಿ, ಬಹಳ ಹೊತ್ತು ಎಳೆದುಕೊಂಡಳು.

"ಇದಲ್ಲ ಕಣೇ," ಎಂದಳು ಕೊನೆಗೆ.

"ಬಿಳಿಪಾಚೀನೇ ಅತ್ತೆ. ಅವರೇ ಕೈಯಾರೆ ಕೊಟ್ಟರು."

"ಇರಬಹುದು. ಆದರೆ ನನಗೆ ಬೇಕಾಗಿರೋದು ಇದಲ್ಲ. ನಮ್ಮನೆ ವಾಸನೆ ಹೀಗಿರಲಿಲ್ಲ." ಅವಳು ಓಣಿಯ ಆಚೆ ತುದಿಗೆ, ನಾನೇ ಮೊಳೆ ಹೊಡೆದು ಮುಚ್ಚಿದ್ದ ತಾಮ್ರಪಾಚಿ ಮನೆಯ ಬಾಗಿಲ ಕಡೆ ನೋಡುತ್ತಿದ್ದಳು. ಸೊಸೆ ಡಬ್ಬಿಯ ಮುಚ್ಚಳ ಹಾಕಿ, ಅವಳ ಪಕ್ಕದಲ್ಲೇ ಕೂತುಕೊಂಡಳು.